ಹಳೇ ಪ್ರಸಂಗ ಪುಸ್ತಕಗಳಿಗಾಗಿ ಇಂಟರ್ನೆಟ್ ಆರ್ಕೈವ್: ಆರು ವರ್ಷ ಬಳಸಿದ ಮೇಲೆ

ನಾನು ಯಕ್ಷಗಾನದ ಹಳೇ ಪ್ರಸಂಗ ಪುಸ್ತಕಗಳ, ಅಂದರೆ ಆಟದ ಕಥೆಯನ್ನು ಹಾಡುವ ಪದ್ಯಗಳಲ್ಲಿ ಕೊಡುವ ಪುಸ್ತಕಗಳ, ಮೇಲೆ ಕೆಲಸ ಮಾಡುತ್ತೇನೆ. ಉಡುಪಿಯ ಪಾವಂಜೆ ಗುರುರಾವ್ ಆಂಡ್ ಸನ್ಸ್ ಪ್ರಕಟಿಸುತ್ತಿದ್ದರಲ್ಲ, ಅಂಥ ತೆಳ್ಳಗಿನ ಪುಸ್ತಕಗಳು. ಆಟದಲ್ಲಿ ಹಾಡುವ ಭಾಗವತರ ಚೀಲದಲ್ಲಿ ಊರೂರು ಸುತ್ತಿ, ಹರಿದ ಮೇಲೆ ಅಟ್ಟ ಸೇರುತ್ತವೆ. ಅಲ್ಲಿಂದ ರದ್ದಿಗೆ. ಆರು ವರ್ಷದಿಂದ ನಾನು ಮೊದಲು ಹುಡುಕುವುದು ಇಂಟರ್ನೆಟ್ ಆರ್ಕೈವ್‌ನಲ್ಲೇ.

1996ರಲ್ಲಿ ಬ್ರೂಸ್ಟರ್ ಕೇಲ್ ಶುರು ಮಾಡಿದ ತಾಣ ಇದು. ಲಾಭದ ಸಂಸ್ಥೆ ಅಲ್ಲ. ಹಳೇ ಪುಸ್ತಕ ಓದಲು, ಇಳಿಸಿಕೊಳ್ಳಲು ಕಾಸು ಬೇಡ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದ ಕಪ್ಪುಬಿಳುಪು ಸ್ಕ್ಯಾನುಗಳು ಇಲ್ಲಿವೆ. ಬೆಂಗಳೂರಿನ ಸರ್ವೆಂಟ್ಸ್ ಆಫ್ ನಾಲೆಜ್ ಬಳಗ ಬಣ್ಣದಲ್ಲಿ ಸ್ಕ್ಯಾನ್ ಮಾಡಿದವೂ ಇವೆ.

ಕನ್ನಡ ಲಿಪಿಯಲ್ಲಿ ಹುಡುಕಿ ಸಿಗಲಿಲ್ಲ ಅಂತ ಸುಮ್ನೆ ಬಿಡಬೇಡಿ. ಎಷ್ಟೋ ಪುಸ್ತಕಗಳ ಹೆಸರು ಇಂಗ್ಲಿಷ್ ಅಕ್ಷರದಲ್ಲಿದೆ, ಒಂದೊಂದಕ್ಕೂ ಒಂದೊಂದು ಸ್ಪೆಲಿಂಗು. 'ಯಕ್ಷಗಾನ'ವನ್ನೇ ನಾನು ನಾಲ್ಕು ಥರ ಟೈಪ್ ಮಾಡಿ ನೋಡುತ್ತೇನೆ.

ನನಗೆ ತುಂಬಾ ಬೇಕಾಗಿದ್ದ ಒಂದು ಪ್ರಸಂಗ ಹೀಗೇ ಸಿಕ್ಕಿತು. ಆದರೆ ಮೂಲ ಪ್ರತಿಯಲ್ಲೇ ಕೊನೆಯ ಎಂಟು ಪುಟ ಕಿತ್ತುಹೋಗಿದ್ದವು. ಎರಡು ವರ್ಷದ ಮೇಲೆ ಅದೇ ಪುಸ್ತಕ ನಮ್ಮೂರ ರದ್ದಿ ಅಂಗಡಿಯ ಮೂಟೆಯಲ್ಲಿ ಕಂಡಿತು. ತೂಕದ ಲೆಕ್ಕದಲ್ಲಿ ಕೊಟ್ಟರು. ಬಿಡಿಸಿ ನೋಡಿದರೆ ಪುಟಪುಟಕ್ಕೂ ಪೆನ್ಸಿಲ್ ಗುರುತು! ಕೆಲವು ಪದ್ಯಗಳಿಗೆ ಅಡ್ಡಗೆರೆ. 'ಭೈರವಿ, ಝಂಪೆತಾಳ' ಅಂತ ಅಚ್ಚಾಗಿದ್ದ ಕಡೆ ಭೈರವಿ ರಾಗವನ್ನು ಹೊಡೆದು 'ಮೋಹನ' ಅಂತ ಬರೆದಿದೆ. ಅಚ್ಚಿನಲ್ಲಿ ಇದ್ದದ್ದು ಒಂದು, ಆಟದಲ್ಲಿ ಹಾಡಲು ಯಾರೋ ಭಾಗವತರು ಗುರುತು ಹಾಕಿಕೊಂಡದ್ದು ಇನ್ನೊಂದು. ನನ್ನ ಕೆಲಸಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾ? ಕಪ್ಪುಬಿಳುಪು ಸ್ಕ್ಯಾನಿನಲ್ಲಿ ಇಂಥ ತಿಳಿ ಗೆರೆ ಮಾಯವಾಗಿಬಿಡುತ್ತದೆ.

ಅದನ್ನು ನಾನೇ ತಾಣಕ್ಕೆ ಏರಿಸಿದೆ. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡು 60 ವರ್ಷದವರೆಗೆ ಕೃತಿಸ್ವಾಮ್ಯ ಇರುತ್ತದೆ, ಅದು ಮುಗಿದಿದೆಯಾ ಅಂತ ಮೊದಲು ನೋಡಿಕೊಂಡೆ. ಖಾತೆ ಉಚಿತ. ರಕ್ಷಾಪುಟ, ಹಿಂಬದಿಯ ಬೆಲೆಪಟ್ಟಿ, ಎಲ್ಲವನ್ನೂ ಬಣ್ಣದಲ್ಲೇ ಸ್ಕ್ಯಾನ್ ಮಾಡಿದೆ. ಹೆಸರನ್ನು ಕನ್ನಡ, ಇಂಗ್ಲಿಷ್ ಎರಡೂ ಅಕ್ಷರದಲ್ಲಿ ಕೊಟ್ಟೆ. ಪುಟದ ಚಿತ್ರ ಓದಿ ತಾಣ ತಾನಾಗಿ ಮಾಡಿಕೊಡುವ ಪಠ್ಯವನ್ನು ಮಾತ್ರ ಪೂರ್ತಿ ನಂಬಬೇಡಿ. ಹಳೇ ಅಚ್ಚಿನ ಒತ್ತಕ್ಷರಗಳಲ್ಲಿ ಅದು ಎಡವುತ್ತದೆ. ಉಲ್ಲೇಖ ಕೊಡುವ ಮೊದಲು ಪುಟದ ಚಿತ್ರವನ್ನೇ ನೋಡಿ.

2024ರ ಅಕ್ಟೋಬರ್‌ನಲ್ಲಿ ಸೈಬರ್ ದಾಳಿಯಾಗಿ ತಾಣ ಕೆಲವು ದಿನ ಬಂದ್ ಆಗಿತ್ತು. ಆ ದಿನಗಳಲ್ಲಿ ನನಗೆ ಕೈಕಾಲೇ ಆಡಲಿಲ್ಲ. ಈಗ ಬೇಕಾದ್ದು ಕಂಡ ಕೂಡಲೇ ಇಳಿಸಿ ಹಾರ್ಡ್ ಡಿಸ್ಕಿಗೆ ಹಾಕುತ್ತೇನೆ. ಪೆನ್ಸಿಲ್ ಗುರುತಿನ ಆ ಪುಸ್ತಕವನ್ನಂತೂ ಮೂರು ಕಡೆ ಇಟ್ಟಿದ್ದೇನೆ.