ಜೋಸಾ ಕೌನ್ಸೆಲಿಂಗ್: ಪುಕ್ಕಟೆ, ನೇರ, ಆದರೆ ಕೈಯಲ್ಲಿ ಕಾಸಿಲ್ಲದವರಿಗೆ ಬಿಗಿ

ಐಐಟಿ, ಎನ್‌ಐಟಿ, ಐಐಐಟಿ ಸೀಟುಗಳನ್ನು ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆ ಜೆಇಇಯ ರ‍್ಯಾಂಕ್ ಮೇಲೆ ಹಂಚುವ ಜೋಸಾ (ಜಂಟಿ ಸೀಟು ಹಂಚಿಕೆ ಪ್ರಾಧಿಕಾರ) ಪೋರ್ಟಲ್ 2015ರಿಂದ ಇದೆ. ನೋಂದಣಿಗೆ ಶುಲ್ಕವಿಲ್ಲ, ಆಯ್ಕೆಗಳಿಗೆ ಮಿತಿಯಿಲ್ಲ, ಹಿಂದಿನ ವರ್ಷಗಳ ಓಪನಿಂಗ್, ಕ್ಲೋಸಿಂಗ್ (ಸೀಟು ಸಿಕ್ಕ ಮೊದಲ ಮತ್ತು ಕೊನೆಯ) ರ‍್ಯಾಂಕ್ ಅಲ್ಲೇ ಸಿಗುತ್ತದೆ. ಅದೇ ಪಟ್ಟಿ ತೋರಿಸಲು ಹಣ ಕೇಳುವ ಖಾಸಗಿಯವರ ಬಳಿ ಹೋಗಬೇಕಾಗಿಲ್ಲ. ಬಡ ಮನೆಯ ಮಕ್ಕಳು ನಂಬಬಹುದಾದ ಸೇವೆ ಇದು. ಅವರು ಎಡವುವುದು ಪ್ರಮಾಣಪತ್ರದಲ್ಲಿ ಮತ್ತು ದುಡ್ಡಿನ ಗಡುವಿನಲ್ಲಿ.

ಕರ್ನಾಟಕದವರು ಹೆಚ್ಚಾಗಿ ತಪ್ಪುವುದು ಇಲ್ಲಿ: ಸಿಇಟಿಗೆ ನಡೆಯುವ 2ಎ, 3ಬಿ ಪ್ರಮಾಣಪತ್ರ ಜೋಸಾಗೆ ನಡೆಯದು. ಕೇಂದ್ರದ ನಮೂನೆಯ ಒಬಿಸಿ-ಎನ್‌ಸಿಎಲ್ (ಕೆನೆಪದರಕ್ಕೆ ಸೇರದ ಹಿಂದುಳಿದ ವರ್ಗ) ಪತ್ರವೇ ಬೇಕು, ಅದೂ ಆ ವರ್ಷದ ಏಪ್ರಿಲ್ 1ರಂದು ಅಥವಾ ಆಮೇಲೆ ಪಡೆದದ್ದು. ರಾಜ್ಯದ ಪಟ್ಟಿಯಲ್ಲಿರುವ ಎಲ್ಲ ಜಾತಿಗಳೂ ಕೇಂದ್ರದ ಪಟ್ಟಿಯಲ್ಲಿಲ್ಲ. ಮೊದಲು ಅದನ್ನು ನೋಡಿಕೊಳ್ಳಿ. ಏಪ್ರಿಲ್ ಮೊದಲ ವಾರದಲ್ಲೇ ನಾಡಕಚೇರಿಯಲ್ಲಿ ಅರ್ಜಿ ಹಾಕಿ, ಜೊತೆಗೆ ಆದಾಯ ಪ್ರಮಾಣಪತ್ರವನ್ನೂ ಮಾಡಿಸಿ.

ಏಕೆಂದರೆ ಆ ಆದಾಯ ಪತ್ರದ ಬೆಲೆ ದೊಡ್ಡದು. ಐಐಟಿಯ ಬೋಧನಾ ಶುಲ್ಕ ವರ್ಷಕ್ಕೆ 2 ಲಕ್ಷ. ಕುಟುಂಬದ ಆದಾಯ 1 ಲಕ್ಷದೊಳಗಿದ್ದರೆ ಪೂರ್ತಿ ಮನ್ನಾ, 1ರಿಂದ 5 ಲಕ್ಷವಿದ್ದರೆ ಮೂರರಲ್ಲಿ ಎರಡು ಪಾಲು ಮನ್ನಾ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮತ್ತು ಅಂಗವಿಕಲರಿಗೆ ಆದಾಯ ನೋಡದೆ ಪೂರ್ತಿ. ಹಾಸ್ಟೆಲ್, ಮೆಸ್ ಖರ್ಚು ಮಾತ್ರ ಬೇರೆ. ಈ ಲೆಕ್ಕ ಗೊತ್ತಿಲ್ಲದೆ "ಐಐಟಿ ನಮಗಲ್ಲ" ಎಂದು ಹಿಂದೆ ಸರಿಯುವ ಮನೆಗಳಿವೆ ಎಂಬುದೇ ನೋವಿನ ಸಂಗತಿ.

ಇನ್ನು ಗಡುವು. ಮೊದಲ ಸಲ ಸೀಟು ಬಂದ ಕೆಲವೇ ದಿನಗಳಲ್ಲಿ ಸೀಟು ಸ್ವೀಕಾರ ಶುಲ್ಕ ಕಟ್ಟಬೇಕು. ಕಟ್ಟದಿದ್ದರೆ ಸೀಟೂ ಹೋಯಿತು, ಮುಂದಿನ ಸುತ್ತುಗಳೂ ಹೋದವು. 2024ರಲ್ಲಿ ಉತ್ತರ ಪ್ರದೇಶದ ದಿನಗೂಲಿ ಕಾರ್ಮಿಕರೊಬ್ಬರ ಮಗ 17,500 ರೂಪಾಯಿ ಸಮಯಕ್ಕೆ ಕಟ್ಟಲಾಗದೆ ಧನಬಾದ್ ಐಐಟಿ ಸೀಟು ಕಳೆದುಕೊಂಡಿದ್ದ. ಸುಪ್ರೀಂ ಕೋರ್ಟ್ ಸಂವಿಧಾನದ 142ನೇ ವಿಧಿ ಕೊಟ್ಟಿರುವ ವಿಶೇಷ ಅಧಿಕಾರ ಬಳಸಿ ಅವನಿಗೆ ಸೀಟು ಕೊಡಿಸಬೇಕಾಯಿತು. ಎಲ್ಲರಿಗೂ ಕೋರ್ಟು ಎಟುಕುವುದಿಲ್ಲ. ಮೊತ್ತ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಆ ವರ್ಷದ ನಿಯಮಾವಳಿ ಬಂದ ದಿನವೇ ನೋಡಿ, ಫಲಿತಾಂಶಕ್ಕೆ ಮುಂಚೆಯೇ ಹಣ ಖಾತೆಗೆ ಹಾಕಿಡಿ, ಕೊನೆಯ ಗಂಟೆಗೆ ಬಿಡಬೇಡಿ.

ಆಯ್ಕೆ ತುಂಬುವಾಗ ಸಿಗುತ್ತದೋ ಇಲ್ಲವೋ ಎಂದು ಅಳೆಯಬೇಡಿ, ಬೇಕಾದ ಕ್ರಮದಲ್ಲಿ ಬರೆಯಿರಿ. ಸಿಗದ ಸೀಟನ್ನು ಮೇಲೆ ಹಾಕಿದ್ದಕ್ಕೆ ಕೆಳಗಿನದು ತಪ್ಪುವುದಿಲ್ಲ. ಫ್ರೀಜ್ ಎಂದರೆ ಇದೇ ಸಾಕು. ಸ್ಲೈಡ್ ಎಂದರೆ ಅದೇ ಸಂಸ್ಥೆಯಲ್ಲಿ ಮೇಲಿನ ಬ್ರಾಂಚ್. ಫ್ಲೋಟ್ ಎಂದರೆ ಎಲ್ಲಾದರೂ ಮೇಲಿನ ಆಯ್ಕೆ. ಮೇಲಿನದು ಸಿಕ್ಕ ಕೂಡಲೇ ಕೈಲಿದ್ದ ಸೀಟು ಹೋಗುತ್ತದೆ. ಸುರತ್ಕಲ್ ಎನ್‌ಐಟಿ ಬಿಟ್ಟು ದೂರ ಕಳಿಸಲು ಮನೆಯವರಿಗೆ ಆಗದಿದ್ದರೆ ದೂರದ ಊರನ್ನು ಅದಕ್ಕಿಂತ ಮೇಲೆ ಹಾಕಬೇಡಿ. ಮೀಸಲು ಸೀಟಿನ ಕ್ಲೋಸಿಂಗ್ ಸಂಖ್ಯೆ ಕೆಟಗರಿ ರ‍್ಯಾಂಕ್, ಸಾಮಾನ್ಯ ರ‍್ಯಾಂಕ್ ಅಲ್ಲ. ಇದನ್ನು ಬೆರೆಸಿ ನೋಡಿದವರು ಸುಮ್ಮನೆ ನಿರಾಶರಾಗುತ್ತಾರೆ.

ಜೆಇಇ ಮೇನ್ 2021ರಿಂದ ಕನ್ನಡದಲ್ಲೂ ಇದೆ. ಪೋರ್ಟಲಿಗೂ ಕನ್ನಡ ಬರಬೇಕು. ಸದ್ಯಕ್ಕೆ ಸೈಬರ್ ಸೆಂಟರ್‌ಗೆ ಹೋಗುವವರು ಮೊಬೈಲ್, ಇಮೇಲ್, ಹಣ ವಾಪಸಾಗುವ ಬ್ಯಾಂಕ್ ಖಾತೆ ಮೂರನ್ನೂ ತಮ್ಮದೇ ಕೊಡಲಿ. ದಾಖಲೆ ಸರಿಯಿಲ್ಲವೆಂದು ಪರಿಶೀಲಕರು ಹಾಕುವ ಪ್ರಶ್ನೆಗೆ ಗಡುವಿನೊಳಗೆ ಉತ್ತರಿಸದಿದ್ದರೆ ಬಂದ ಸೀಟೇ ರದ್ದಾಗುತ್ತದೆ. ದಿನಕ್ಕೆರಡು ಸಲ ಲಾಗಿನ್ ಆಗಿ ನೋಡಿ.