ಮಂಡಗದ್ದೆಗೋ ಲಕ್ಕವಳ್ಳಿಗೋ?

ಮಕ್ಕಳಿಗೆ ಹಕ್ಕಿ ಗೂಡು ತೋರಿಸ್ಬೇಕು, ಎಲ್ಲಿಗೆ ಹೋಗೋದು ಅಂತ ಕೇಳ್ತೀರಲ್ಲ, ನಾನು ಮಂಡಗದ್ದೆ ಅಂತೀನಿ. ಶಿವಮೊಗ್ಗದಿಂದ ತೀರ್ಥಹಳ್ಳಿ ರೋಡಲ್ಲಿ ಸುಮಾರು 30 ಕಿ.ಮೀ. ಮಳೆಗಾಲದಲ್ಲಿ ತುಂಗೆ ಮಧ್ಯದ ಕುದುರಿನ ಮರಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿ ಗೂಡು ಕಟ್ತವೆ, ಸುತ್ತ ತುಂಬಿದ ಹೊಳೆ, ನಾವು ದಡದಲ್ಲಿ, ಹಂಗಾಗಿ ಬೇಕಂದ್ರೂ ಹತ್ರ ಹೋಗಕ್ಕಾಗಲ್ಲ. ತಾಯಿ ಬಾಯೊಳಗೆ ಮರಿ ಕೊಕ್ಕು ತೂರಿಸಿ ಮೀನು ಕಿತ್ಕೊಳ್ಳೋದು ಬೈನಾಕ್ಯುಲರ್‌ನಲ್ಲಿ ಚೆನ್ನಾಗೇ ಕಾಣುತ್ತೆ. ಹಾರ್ನ್ ಹೊಡೀಬೇಡಿ, ಚಪ್ಪಾಳೆ ತಟ್ಟಿ ಎಬ್ಬಿಸ್ಬೇಡಿ, ಗಾಬರೀಲಿ ಮರಿ ನೀರಿಗೆ ಬಿದ್ರೆ ಮುಗೀತು.

ಲಕ್ಕವಳ್ಳಿ ಬೇರೆ ಥರ. ಬೇಸಿಗೇಲಿ ಅಲ್ಲಿನ ಭದ್ರಾ ಡ್ಯಾಮ್ ನೀರು ಇಳಿದಾಗ ಎದ್ದು ಬರೋ ದಿಬ್ಬಗಳ ಮೇಲೆ ರಿವರ್ ಟರ್ನ್ ಅನ್ನೋ ಹಕ್ಕಿ ಬರೀ ನೆಲದಲ್ಲೇ ಮೊಟ್ಟೆ ಇಡುತ್ತೆ, ಗೂಡು ಅಂದ್ರೆ ಒಂದು ಸಣ್ಣ ಗುಳಿ ಅಷ್ಟೇ. ಬಿಸಿಲಲ್ಲಿ ತಾಯಿ ಅದರ ಮೇಲೆ ಕೂರೋದು ಕಾವಿಗಿಂತ ಜಾಸ್ತಿ ನೆರಳಿಗೆ. ಬೋಟ್ ತೀರಾ ಹತ್ರ ಬಂದ್ರೆ ಇಡೀ ಗುಂಪು ಕಿರುಚ್ತಾ ಮೇಲೇಳುತ್ತೆ, ನಮಗೆ ಸೂಪರ್ ಫೋಟೋ, ಆದ್ರೆ ಅಷ್ಟೊತ್ತೂ ಮೊಟ್ಟೆ ಸುಡೋ ಬಿಸಿಲಿಗೆ ಬಿದ್ದಿರುತ್ತೆ, ಕಾಗೆ ಹದ್ದುಗಳಿಗೂ ಅದೇ ಬೇಕು. ನಂಗಂತೂ ಆ ಫೋಟೋ ನೋಡಿದ್ರೆ ಕರುಳು ಚುರುಕ್ ಅನ್ನುತ್ತೆ.

ಲಕ್ಕವಳ್ಳಿಗೇ ಹೋಗ್ಬೇಕಂದ್ರೆ ಬೆಳಗಿನ ಮೊದಲ ಟ್ರಿಪ್ ತಗೊಳ್ಳಿ, "ಅಣ್ಣ, ದೂರದಲ್ಲೇ ನಿಲ್ಸಿ, ಹಕ್ಕಿ ಏಳೋದು ಬೇಡ" ಅಂತ ಬೋಟಿನವರಿಗೆ ಹತ್ತೋ ಮುಂಚೇನೇ ಹೇಳ್ಬಿಡಿ.