ಕಾರ್ನೋಸಿನ್ ಅಂತ ಎರಡು ಪುಡಿ ಬೆರೆಸಿ ಮಾರ್ತಿದ್ದಾರೆ, ಹುಷಾರು

ಕಾರ್ನೋಸಿನ್ ಅಂದ್ರೆ ಬೀಟಾ-ಅಲನೀನ್, ಹಿಸ್ಟಿಡೀನ್ ಅನ್ನೋ ಎರಡು ಅಮೈನೋ ಆಮ್ಲ ಬೆಸೆದು ಆದ ಒಂದೇ ಅಣು. ನಾವು ತರಿಸಿದ ಡಬ್ಬಿ ಮೇಲೆ ‘ಎಲ್-ಕಾರ್ನೋಸಿನ್, 99%, ಸಸ್ಯಗಳಿಂದ ತೆಗೆದದ್ದು’ ಅಂತಿತ್ತು. ಅಲ್ಲೇ ಅನುಮಾನ ಬರಬೇಕಿತ್ತು. ಗಿಡದಲ್ಲೆಲ್ಲಿಂದ ಬಂತು ಕಾರ್ನೋಸಿನ್? ಅದಿರೋದು ಬೆನ್ನೆಲುಬಿರೋ ಪ್ರಾಣಿಗಳ ಸ್ನಾಯುವಲ್ಲಿ, ಮಿದುಳಲ್ಲಿ. 1900ರಲ್ಲಿ ಗುಲೆವಿಚ್, ಅಮಿರಾಜಿಬಿ ಅದನ್ನ ಬೇರ್ಪಡಿಸಿದ್ದೇ ಮಾಂಸದ ಸಾರದಿಂದ. ಹೆಸರಲ್ಲೇ ಮಾಂಸ ಇದೆ, ಲ್ಯಾಟಿನ್‌ನಲ್ಲಿ. ಲ್ಯಾಬಲ್ಲಿ ತಯಾರಿಸಿದ್ದು ಅಂದಿದ್ರೆ ನಂಬಬಹುದಿತ್ತು.

ಒಳಗಿದ್ದದ್ದು ಬೀಟಾ-ಅಲನೀನ್ ಮತ್ತು ಹಿಸ್ಟಿಡೀನ್. ಬೆರೆಸಿದ್ದು, ಬೆಸೆದದ್ದಲ್ಲ! ನಡುವೆ ಅವನ್ನ ಜೋಡಿಸೋ ಪೆಪ್ಟೈಡ್ ಬಂಧವೇ ಇಲ್ಲ.

ನಾಚಿಕೆಗೇಡು ಏನಂದ್ರೆ, ಪರೀಕ್ಷೆ ಮಾಡಿಯೇ ಒಪ್ಪಿದ್ದು. ನಿನ್‌ಹೈಡ್ರಿನ್ ಹಾಕಿದ್ರೆ ಬಣ್ಣ ಬಂತು, ಪೌಲಿ ಪರೀಕ್ಷೆಗೆ ಕೆಂಪು ಬಂತು, ಸಹಿ ಬಿತ್ತು. ಬರದೆ ಏನು? ನಿನ್‌ಹೈಡ್ರಿನ್‌ಗೆ ಅಮೈನೋ ಗುಂಪು ಸಾಕು, ಪೌಲಿಗೆ ಇಮಿಡಜೋಲ್ ಉಂಗುರ ಸಾಕು. ಬರೀ ಹಿಸ್ಟಿಡೀನ್‌ನಲ್ಲೇ ಎರಡೂ ಇವೆ.

ಬಯಲಾಗಿದ್ದು ಪೋಲಾರಿಮೀಟರ್‌ನಲ್ಲಿ, ಅಂದ್ರೆ ದ್ರಾವಣ ಧ್ರುವೀಕೃತ ಬೆಳಕನ್ನ ಎತ್ತ, ಎಷ್ಟು ತಿರುಗಿಸುತ್ತೆ ಅಂತ ಅಳೆಯೋ ಯಂತ್ರದಲ್ಲಿ. 100 ಮಿಲಿ ನೀರಿಗೆ 2 ಗ್ರಾಂ, 2 ಡೆಸಿಮೀಟರ್ ಕೊಳವೆ. ಅಸಲಿಯಾದ್ರೆ ಬಲಕ್ಕೆ 0.8 ಡಿಗ್ರಿ ಆಸುಪಾಸು. ಇದು ಎಡಕ್ಕೆ, ಹತ್ತಿರ ಹತ್ತಿರ 1 ಡಿಗ್ರಿ. ಎಡಕ್ಕೆ! ಕೊಳವೆ ತೊಳೆದು ಮತ್ತೆ ತುಂಬಿದ್ರೂ ಎಡಕ್ಕೇ. ನೀರಲ್ಲಿ ಎಲ್-ಹಿಸ್ಟಿಡೀನ್ ಎಡಕ್ಕೆ ತಿರುಗಿಸುತ್ತೆ, ಬೀಟಾ-ಅಲನೀನ್ ಎತ್ತಲೂ ತಿರುಗಿಸಲ್ಲ.

ಕೇಳಿದ್ದಕ್ಕೆ ಮಾರಿದವರ ಉತ್ತರ: ‘ಅಮೈನೋ ಆಮ್ಲದ ರಿಪೋರ್ಟ್ ಕಳಿಸಿದ್ದೀವಲ್ಲ ಸಾರ್, 1:1 ಸರಿಯಾಗಿದೆ.’ ಆ ರಿಪೋರ್ಟ್ ಪುಡಿಯನ್ನ 6 ನಾರ್ಮಲ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ 110 ಡಿಗ್ರಿಗೆ 24 ಗಂಟೆ ಕಾಯಿಸಿದ ಮೇಲಿನದು! ಹಾಗೆ ಕಾಯಿಸಿದ್ರೆ ಅಸಲಿ ಕಾರ್ನೋಸಿನ್ನೂ ಒಡೆದು ಅದೇ ಎರಡು ಆಮ್ಲ ಆಗುತ್ತೆ. ಅಸಲಿಗೂ 1:1, ನಕಲಿಗೂ 1:1. ಇದನ್ನ ಬಿಡಿಸಿ ಹೇಳಿದ್ರೆ, ‘ಎರಡೂ ಇದೆಯಲ್ಲ ಸಾರ್, ಕಾರ್ನೋಸಿನ್ ಅಂದ್ರೆ ಅದೇ ತಾನೇ?’ ಅದೇ ಅಲ್ಲ. ಬಂಧ ಬೆಸೆಯುವಾಗ ಒಂದು ನೀರಿನ ಅಣು ಹೋಗ್ಬೇಕು: ಎರಡರ ಅಣುತೂಕ 89.09 ಮತ್ತು 155.16 ಕೂಡಿಸಿ, ನೀರಿನ 18.02 ಕಳೆದ್ರೆ ಕಾರ್ನೋಸಿನ್‌ನ 226.23. ಬಫರ್‌ಗೆ, ಅಂದ್ರೆ ಪಿಎಚ್ (ಆಮ್ಲೀಯತೆಯ ಅಳತೆ) ಬದಲಾಗದಂತೆ ಹಿಡಿದಿಡೋ ದ್ರಾವಣಕ್ಕೆ, ತಗೊಂಡವರಿಗಂತೂ ಪೂರ್ತಿ ನಷ್ಟ. ಕಾರ್ನೋಸಿನ್‌ನ ಇಮಿಡಜೋಲ್ ಪಿಕೆಎ (ಯಾವ ಪಿಎಚ್ ಹತ್ತಿರ ಬಫರ್ ಚೆನ್ನಾಗಿ ಕೆಲಸ ಮಾಡುತ್ತೆ ಅನ್ನೋ ಅಂಕಿ) 6.8, ಹಿಸ್ಟಿಡೀನ್‌ದು 6. ಪಿಎಚ್ 7ರ ಹತ್ತಿರ ಈ ಬೆರಕೆ ಅಷ್ಟು ಗಟ್ಟಿಯಾಗಿ ಹಿಡಿದಿಡಲ್ಲ.

ಆಮ್ಲದಲ್ಲಿ ಕಾಯಿಸುವ ಮುಂಚೆ ಟಿಎಲ್‌ಸಿ (ತೆಳುಪದರ ಕ್ರೊಮ್ಯಾಟೋಗ್ರಫಿ, ಬೆರೆತದ್ದನ್ನ ಬೇರೆ ಬೇರೆ ಚುಕ್ಕೆಯಾಗಿ ಬಿಡಿಸೋ ವಿಧಾನ) ಹಾಕಿ. ಸಿಲಿಕಾ ಪ್ಲೇಟು, ಬ್ಯೂಟನಾಲ್, ಅಸಿಟಿಕ್ ಆಮ್ಲ, ನೀರು 4:1:1, ಪಕ್ಕದಲ್ಲೇ ಎರಡೂ ಆಮ್ಲಗಳ ಚುಕ್ಕೆ ಇಟ್ಟು ಓಡಿಸಿ. ಆಮೇಲೆ ನಿನ್‌ಹೈಡ್ರಿನ್ ಸಿಂಪಡಿಸಿ ಬಿಸಿ ಮಾಡಿ. ಪುಡಿಗೆ ಎರಡು ಚುಕ್ಕೆ ಬಂದು ಆ ಆಮ್ಲಗಳ ಮಟ್ಟದಲ್ಲೇ ಕೂತ್ರೆ ಮೋಸ. ಇದನ್ನೇ ಮೊದಲು ಮಾಡಿದ್ರೆ ಮುಗೀತಿತ್ತು.

ಅವರ ಕೊನೇ ಮಾತು: ‘ಸೀಲ್ ಒಡೆದಿದ್ದೀರಿ, ವಾಪಸ್ ತಗೊಳ್ಳಲ್ಲ.’ ಒಡೆಯದೆ ಪರೀಕ್ಷೆ ಮಾಡೋದು ಹೇಗೆ ಸ್ವಾಮಿ?